ಬೆನ್ನ ಹಿಂದಿನ ಕೈಗಳು

“ಕೈ ಹಿಂದ ತಗೀರಿ.”

ದಾಕ್ಷಾಯಿಣಿ ತಿರುಗಿ ನೋಡಲಿಲ್ಲ. ನೋಡುವ ಹಾಗೂ ಇರಲಿಲ್ಲ. ಹೆಗಲ ಮೇಲೆ ಕಬ್ಬಿಣದ ಬಾರ್ ಇತ್ತು. ಅದರ ಎರಡು ತುದಿಗೂ ಪ್ಲೇಟುಗಳು ತೂಗುತ್ತಿದ್ದವು. ಎದುರಿನ ಕನ್ನಡಿಯಲ್ಲಿ, ತನ್ನ ಭುಜದ ಪಕ್ಕದಲ್ಲಿ, ಎರಡು ಅಪರಿಚಿತ ಅಂಗೈಗಳು ಕಂಡಿದ್ದವು. ಅಷ್ಟಕ್ಕೇ ಅವಳ ಮೈ ಬಿಗಿದುಹೋಗಿತ್ತು.

“ಮುಟ್ಟಿಲ್ರಿ ನಾ,” ಎಂದಿತು ಹಿಂದಿನ ದನಿ.

“ಮುಟ್ಟಾಕ ಬಂದಿದ್ರಿ.”

“ನೀವು ಕುಂದ್ರೂ ಮುಂದ ಒಂದೀಟು ಅಲಗ್ಯಾಡಿದ್ರಿ. ಅದಕ್ಕ…”

“ಅಲಗ್ಯಾಡಿದ್ರ ನಾ ಅಲಗ್ಯಾಡೇನಿ. ನಿಮಗೇನಾತು?”

ಅವಳು ಬಾರನ್ನು ಕೊಕ್ಕೆಗಳ ಮೇಲೆ ಇಟ್ಟು ತಿರುಗಿದಳು. ಎತ್ತರದ ಆಳು. ಹಣೆಯ ಮೇಲೆ ಬೆಳಗಿನ ವಿಭೂತಿ ಇನ್ನೂ ಅಳಿಸಿರಲಿಲ್ಲ. ಪೊಲೀಸರು ನಿಲ್ಲಿಸಿದವನಂತೆ ಎರಡೂ ಕೈ ಮೇಲೆತ್ತಿ ನಿಂತಿದ್ದ. ಜಗಳಕ್ಕೆ ಸಿದ್ಧಳಾಗಿಯೇ ತಿರುಗಿದ್ದ ಅವಳಿಗೆ ಅವನ ಮುಖದಲ್ಲಿ ಸಿಟ್ಟು ಕಾಣಲಿಲ್ಲ, ನಗೆಯೂ ಕಾಣಲಿಲ್ಲ. ಕಂಡದ್ದು ಅಂಜಿಕೆ.

‘ಅಂಜಬೇಕಾದಾಕಿ ನಾನು. ಈತಗ್ಯಾಕ ಅಂಜಿಕಿ?’

“ನೋಡ್ರಿ, ನನ್ನ ಹಿಂದ ಯಾರೂ ನಿಂದ್ರಂಗಿಲ್ಲ. ಇಲ್ಲಿ ಎಲ್ಲಾರಿಗೂ ಗೊತ್ತೈತಿ. ನೀವು ಹೊಸಬ್ರು, ಅದಕ್ಕ ಹೇಳಿದೆ.”

“ಗೊತ್ತಾತ್ರಿ,” ಎಂದು ಅವನು ಹಿಂದೆ ಸರಿದ. ಸರಿಯುವಾಗ ಹಿಂದಿದ್ದ ಬೆಂಚಿಗೆ ಎಡವಿ ಅದರ ಮೇಲೆಯೇ ಕುಳಿತುಬಿಟ್ಟ.

ದೂರದ ಕುರ್ಚಿಯಿಂದ ಗೋದಾಬಾಯಿಯವರು ಚಹಾದ ಲೋಟ ಕೆಳಗಿಟ್ಟು ನಕ್ಕರು. “ಶಿವಯೋಗೀಶ, ಬಂದ ದಿನಾನ ಬೈಸಿಕೊಂಡ್ಯಾ?”

ಹುಬ್ಬಳ್ಳಿ ಧಾರವಾಡದ ನಡುವೆ, ರಾಯಾಪುರದ ರಸ್ತೆಯ ಪಕ್ಕದ ಹಳೆಯ ಹತ್ತಿ ಗೋದಾಮಿನಲ್ಲಿ ಗೋದಾಬಾಯಿಯವರು ವ್ಯಾಯಾಮಶಾಲೆ ನಡೆಸುತ್ತಿದ್ದರು. ಒಂದು ಕಾಲಕ್ಕೆ ಗುಂಡು ಎಸೆತದಲ್ಲಿ ಹೆಸರು ಮಾಡಿದವರು, ಆಮೇಲೆ ಶಾಲೆಯಲ್ಲಿ ದೈಹಿಕ ಶಿಕ್ಷಕಿಯಾಗಿದ್ದವರು. ಹೀಗಾಗಿ ಅಲ್ಲಿ ಎಲ್ಲರಿಗೂ ಅವರು ಅಕ್ಕೋರು.

ದಾಕ್ಷಾಯಿಣಿ ಅವರ ಕೈಯಲ್ಲಿ ತಯಾರಾದ ಹುಡುಗಿ. ಅಮರಗೋಳದ ಮಾರುಕಟ್ಟೆಯಲ್ಲಿ ಕಾಳಿನ ವ್ಯಾಪಾರ ಮಾಡುವ ಮಹಾಂತಯ್ಯನ ಒಬ್ಬಳೇ ಮಗಳು. ಹಗಲು ಅಪ್ಪನ ಅಂಗಡಿ, ಮುಂಜಾನೆ ಪವರ್‌ಲಿಫ್ಟಿಂಗ್. ಎದ್ದು ಸ್ನಾನ ಮಾಡಿ ಲಿಂಗಪೂಜೆ ಮುಗಿಸಿದ ಮೇಲೆಯೇ ಗಾಡಿ ಹತ್ತುತ್ತಿದ್ದಳು. ಬಾರ್ ಹೊರುವ ಮೊದಲು ಕೊರಳಿನ ಶಿವದಾರವನ್ನು ಜರುಗಿಸಿ, ಲಿಂಗವನ್ನು ಎದೆಯ ಮೇಲೆ ಭದ್ರವಾಗಿ ಕಟ್ಟಿಕೊಳ್ಳುತ್ತಿದ್ದಳು. ಆಮೇಲೆ ಭಾರಕ್ಕೆ ಬೆನ್ನು ಕೊಡುತ್ತಿದ್ದಳು.

ಎರಡು ವರ್ಷದ ಹಿಂದೆ, ಬೇರೆ ಊರಿನ ಒಂದು ದೊಡ್ಡ ಸ್ಪರ್ಧೆಯಲ್ಲಿ ಆ ಬೆನ್ನಿಗೆ ಪೆಟ್ಟಾಯಿತು.

ಬಾರ್ ಹೊತ್ತು ಪೂರ್ತಿ ಕುಳಿತು ಏಳಬೇಕು. ಬಾರಿನ ಎಡ ತುದಿಗೊಬ್ಬ, ಬಲ ತುದಿಗೊಬ್ಬ ಕೈ ಚಾಚಿ ನಿಂತಿರುತ್ತಾರೆ. ಹೊತ್ತವರು ಸೋತರೆ ಇಬ್ಬರೂ ಒಮ್ಮೆಲೆ ಹಿಡಿಯಬೇಕು. ಸೋಲುವ ಮೊದಲೇ ಯಾರಾದರೂ ಮುಟ್ಟಿದರೆ ಆ ಪ್ರಯತ್ನ ಲೆಕ್ಕಕ್ಕೆ ಬರುವುದಿಲ್ಲ. ಅಂದು ಅವಳು ನೂರಾ ಇಪ್ಪತ್ತು ಕಿಲೋ ಹೊತ್ತು ಏಳುವಾಗ ನಡುವೆ ನಿಂತುಬಿಟ್ಟಳು. ಎಡಗಡೆಯವನು ಎತ್ತಿದ. ಬಲಗಡೆಯವನು ಎತ್ತಲಿಲ್ಲ. ಬಾರ್ ವಾಲಿತು, ಅದರ ಕೂಡ ಅವಳ ಬೆನ್ನೂ ತಿರುಚಿತು.

ಆಮೇಲಿನ ತಿಂಗಳುಗಳೆಲ್ಲ ಹಾಸಿಗೆಯಲ್ಲಿ ಕಳೆದವು. ತಾಯಿ ಗೌರವ್ವನೇ ಮಗುವಿಗೆ ಮಾಡಿದಂತೆ ಎಲ್ಲ ಮಾಡಿದಳು. “ನೀ ಮತ್ತ ನಿಂದ್ರತಿ, ನಾ ನೋಡತೇನಿ,” ಎನ್ನುತ್ತಿದ್ದಳು. ಮಗಳು ಕೋಲು ಬಿಟ್ಟು ನಡೆದ ವಾರವೇ ಗೌರವ್ವ ಎದೆನೋವಿನಿಂದ ತೀರಿಕೊಂಡಳು. ಶಿವ ಕೊಟ್ಟದ್ದನ್ನು ಶಿವನೇ ಕರೆಸಿಕೊಂಡ ಎಂದು ಬಂದವರೆಲ್ಲ ಹೇಳಿ ಹೋದರು. ಮನೆಯಲ್ಲಿ ತಂದೆ ಮಗಳು ಉಳಿದರು. ಇಬ್ಬರೂ ಹೆಚ್ಚು ಮಾತಾಡುವವರಲ್ಲ.

ಈಗ ಬೆನ್ನು ಗಟ್ಟಿಯಾಗಿತ್ತು. ಕಬ್ಬಿಣದ ಪಂಜರದೊಳಗೆ, ಎರಡೂ ಬದಿಗೆ ತಡೆ ಹಾಕಿಕೊಂಡು, ಮೊದಲಿನಷ್ಟೇ ಭಾರ ಎತ್ತುತ್ತಿದ್ದಳು. ಆದರೆ ಹಿಂದೆ ಮನುಷ್ಯರು ಬಂದು ನಿಂತರೆ ಕಾಲು ಏಳುತ್ತಿರಲಿಲ್ಲ.

“ದೀಪಾವಳಿ ಆದ ಮ್ಯಾಲ ಹುಬ್ಬಳ್ಯಾಗ ರಾಜ್ಯದ ಸ್ಪರ್ಧಾ ಐತಿ,” ಎಂದರು ಗೋದಾಬಾಯಿ. “ಅಲ್ಲಿ ಪಂಜರಾ ಇರಂಗಿಲ್ಲ. ಮಂದಿ ನಿಂದ್ರತಾರ. ನೀ ಬ್ಯಾಡಂದ್ರೂ ನಿಂದ್ರತಾರ.”

“ಗೊತ್ತೈತ್ರಿ ಅಕ್ಕೋರ.”

“ಹಂಗಾರ ಶಿವಯೋಗೀಶ ನಿಂದ್ರತಾನ. ದೂರದಿಂದ ಸುರು ಮಾಡೋಣು. ಬಾಗಿಲದಾಗ ನಿಂದ್ರಲೇನು?”

“ಹೊರಗ ನಿಂದ್ರಿಸ್ರಿ.”

“ಹೊರಗ ಮಳಿ ಐತಿ.”

“ಛತ್ರಿ ಕೊಡ್ರಿ.”

ಶಿವಯೋಗೀಶ ಹೋಗಿ ಬಾಗಿಲಲ್ಲಿ ನಿಂತ. ಶ್ರಾವಣದ ಮಳೆ ಅವನ ಅರ್ಧ ಬೆನ್ನನ್ನು ತೋಯಿಸಿತು. ಆದರೂ ಅವನು ಒಳಗೆ ಒಂದು ಹೆಜ್ಜೆ ಇಡಲಿಲ್ಲ. ಕನ್ನಡಿಯಲ್ಲಿ ಅದನ್ನು ನೋಡಿದ ದಾಕ್ಷಾಯಿಣಿಗೆ ಮನಸ್ಸು ಕಸಿವಿಸಿಯಾಯಿತು.

“ಒಂದೀಟು ಒಳಗ ಬರ್ರಿ,” ಎಂದಳು. “ನೆಗಡಿ ಆದ್ರ ಅದನ್ನೂ ನನ್ನ ತಲಿಗೆ ಕಟ್ಟತೀರಿ.”

ಹೀಗೆ ಸುರುವಾಯಿತು. ಅವನು ಧಾರವಾಡದ ಸಪ್ತಾಪುರದಲ್ಲಿ ಬಾಡಿಗೆ ಕೋಣೆ ಹಿಡಿದಿದ್ದ. ಅಲ್ಲಿಯ ಒಂದು ಕೋಚಿಂಗ್ ಕ್ಲಾಸಿನಲ್ಲಿ ಸರಕಾರಿ ನೌಕರಿಗೆ ಓದುವ ಹುಡುಗರಿಗೆ ಗಣಿತ ಹೇಳುತ್ತಿದ್ದ. ಮುಂಜಾನೆ ತಪ್ಪದೆ ರಾಯಾಪುರಕ್ಕೆ ಬರುತ್ತಿದ್ದ. ಒಂದು ವಾರ ಬಾಗಿಲ ಒಳಗೆ, ಇನ್ನೊಂದು ವಾರ ಕಂಬದ ಹತ್ತಿರ. ಗಣೇಶ ಚವತಿ ಮುಗಿಯುವ ಹೊತ್ತಿಗೆ ಅವಳ ಬೆನ್ನ ಹಿಂದೆ ಅವನ ಉಸಿರು ಕೇಳುವಷ್ಟು ಹತ್ತಿರ ಬಂದಿದ್ದ.

ಆ ದಿನ ಅವಳು ಕುಳಿತು ಎದ್ದಳು. ಕಾಲು ನಡುಗಲಿಲ್ಲ.

ಬಾರ್ ಇಟ್ಟು ತಿರುಗಿದರೆ, ಅವನ ಎರಡೂ ಕೈ ಕಿಸೆಯಲ್ಲಿದ್ದವು.

“ಹಿಡಿಯಾಕ ನಿಂತೀರೋ, ಬಸ್ಸಿಗೆ ನಿಂತೀರೋ?” ಎಂದು ಕೇಳಿದಳು. “ಕೈ ಯಾಕ ಕಿಸೆದಾಗ?”

“ನೀವ ಹಿಂದ ತಗೀರಿ ಅಂದ್ರೆಲ್ಲ.”

ಅವಳು ನಕ್ಕಳು. ತಾಯಿ ಹೋದ ಮೇಲೆ ಹೀಗೆ ನಕ್ಕಿರಲಿಲ್ಲ ಎಂಬುದು ಮನೆ ಮುಟ್ಟಿದ ಮೇಲೆ ನೆನಪಿಗೆ ಬಂತು. ಆ ರಾತ್ರಿ ಊಟಕ್ಕೆ ಕುಳಿತಾಗ ಅಪ್ಪನೂ ಅವಳ ಮುಖವನ್ನು ಎರಡು ಸಲ ನೋಡಿದ.

“ನಮ್ಮಂಗಡ್ಯಾಗ ಹಮಾಲ್ರು ದಿನಾ ಹೊರತಾರ,” ಎಂದ ಮಹಾಂತಯ್ಯ, ರೊಟ್ಟಿ ಮುರಿಯುತ್ತ. “ಅವ್ರಿಗೆ ಯಾರೂ ಪದಕಾ ಕೊಟ್ಟಿಲ್ಲ. ನೀ ಹೊತ್ತು ಎಲ್ಲಿಗೆ ಒಯ್ಯತಿ ಅಂತೀನಿ.”

“ಎಲ್ಲಿಗೂ ಇಲ್ಲಪ್ಪ. ಅಲ್ಲೇ ಕುಂತು ಅಲ್ಲೇ ಏಳೂದು.”

“ಛಲೋ ವ್ಯಾಪಾರ,” ಎಂದು ಅವನು ತುಪ್ಪದ ಬಟ್ಟಲನ್ನು ಅವಳ ಕಡೆ ಸರಿಸಿದ.

ಬೇಡವೆಂದರೂ ದಾಕ್ಷಾಯಿಣಿಯ ಮನಸ್ಸು ಬೆಳಗಾಗುವುದನ್ನು ಕಾಯತೊಡಗಿತು. ಕನ್ನಡಿಯಲ್ಲಿ ಮೊದಲು ತನ್ನ ನಿಲುವು ನೋಡುತ್ತಿದ್ದವಳು ಈಗ ಮೊದಲು ಹಿಂದಿನ ಮುಖ ನೋಡುತ್ತಿದ್ದಳು. ‘ಇದು ಬರೇ ರೂಢಿ ಇರಬೇಕು… ಅಲ್ಲ, ರೂಢಿ ಅಲ್ಲ.’

ನವರಾತ್ರಿಯ ಒಂದು ಸಂಜೆ ಸಪ್ತಾಪುರದ ಗಿರ್ಮಿಟ್ ಅಂಗಡಿಯಲ್ಲಿ ಇಬ್ಬರೂ ಎದುರುಬದುರು ಕುಳಿತಿದ್ದರು. ಅವಳು ಅಪ್ಪನ ಕೆಲಸಕ್ಕೆ ಧಾರವಾಡಕ್ಕೆ ಬಂದಿದ್ದಳು. ಅವನು ಕ್ಲಾಸು ಮುಗಿಸಿ ಬಂದಿದ್ದ. ತಟ್ಟೆಯಲ್ಲಿ ಮಂಡಕ್ಕಿಯ ಗಿರ್ಮಿಟ್ ಇತ್ತು, ಮಿರ್ಚಿ ಭಜಿ ಬಿಸಿಯಿತ್ತು.

“ಒಂದು ಕೇಳಲೇನು?” ಎಂದ ಅವನು. “ಆ ದಿನ ಹಿಡಿಯಾಕ ನಿಂತವ್ರು ಯಾರಂತ ನಿಮಗ ಗೊತ್ತೈತೇನು?”

“ಮುಖಾನ ನೋಡಿಲ್ರಿ. ಬಿದ್ದ ಮ್ಯಾಲ ಬರೇ ಬೂಟು ಕಂಡ್ವು.” ಅವಳು ಹಗುರಾಗಿ ಹೇಳಿದಳು. ಹಗುರಾಗಿ ಹೇಳಲು ಬಂದದ್ದಕ್ಕೆ ಅವಳಿಗೇ ಸಂತೋಷವಾಯಿತು. “ಎಡಗಡೆಯಾಂವ ಅವಸರಾ ಮಾಡಿದ, ಬಲಗಡೆಯಾಂವ ನಿದ್ದಿ ಮಾಡಿದ. ಯಾವಾಗರೆ ಸಿಕ್ಕರ ಇಬ್ರನ್ನೂ ಬಿಸಲಾಗ ನಿಂದ್ರಿಸಿ ಕೇಳಬೇಕು.”

ಶಿವಯೋಗೀಶ ಚಮಚ ಕೆಳಗಿಟ್ಟ.

“ಬಲಗಡೆಯಾಂವ ನಿದ್ದಿ ಮಾಡಿರಲಿಲ್ಲ.”

“ನಿಮಗ ಹೆಂಗ ಗೊತ್ತು?”

“ಬಲಗಡೆ ನಿಂತಾಂವ ನಾನ.”

ಅಂಗಡಿಯ ಗದ್ದಲ ಅವಳಿಗೆ ಕೇಳದಾಯಿತು.

“ರೆಫರಿ ಕೈ ಮಾಡೂತನಾ, ಇಲ್ಲಾ ಹೊತ್ತವ್ರು ಅನ್ನೂತನಾ ಮುಟ್ಟಬಾರದು ಅಂತ ನಿಯಮ,” ಅವನು ತಟ್ಟೆಯನ್ನೇ ನೋಡುತ್ತ ಹೇಳಿದ. “ನೀವು ಇನ್ನೂ ಏಳತೀರಿ ಅನಿಸ್ತು. ಮುಟ್ಟಿದ್ರ ನಿಮ್ಮ ಶ್ರಮಾ ಹಾಳಾಗತೈತಿ ಅಂತ ಕಾದೆ. ಆ ಕಡೆ ಅಂವ ಎತ್ತಿಬಿಟ್ಟ. ನಾ ಎತ್ತೂದ್ರಾಗ…”

“ರಾಯಾಪುರದಾಗ ಮೊದಲ ದಿನಾನ ನನ್ನ ಗುರುತು ಹಿಡದಿದ್ರಿ?”

“ಹೂಂ.”

“ಹಿಡದು ಇಷ್ಟು ದಿನ ಸುಮ್ಮನಿದ್ರಿ.”

“ಹೇಳಬೇಕಂತ ದಿನಾ ಬರತಿದ್ದೆ. ನೀವು ಒಂದೊಂದ ಹೆಜ್ಜಿ ಹತ್ರ ಬರಾಕ ಬಿಡತಿದ್ರಿ. ಹೇಳಿದ್ರ ಮತ್ತ ಬಾಗಿಲದ ಹೊರಗ ಹೋಗತೀನಿ ಅಂತ ಬಾಯಿ ಬರಲಿಲ್ಲ.”

“ಅಂದ್ರ ಇದು ಪ್ರಾಯಶ್ಚಿತ್ತ.” ಅವಳ ದನಿ ಏರಲಿಲ್ಲ, ತಣ್ಣಗಾಯಿತು. “ನಿಮ್ಮ ಪಾಪ ತೊಳಕೊಳ್ಳಾಕ ನನ್ನ ಬೆನ್ನ ಹಿಂದ ಬಂದು ನಿಂತಿದ್ರಿ. ನಾ ಬ್ಯಾರೇನ ತಿಳಕೊಂಡಿದ್ದೆ.”

“ಏನು ತಿಳಕೊಂಡಿದ್ರಿ?”

ಅವಳು ಎದ್ದು ಹೋದಳು. ಗಾಡಿ ಸುರು ಮಾಡುವಾಗ ಕಣ್ಣು ಮಂಜಾಯಿತು. ‘ನನ್ನ ಬೆನ್ನು ಮುರದದ್ದು ಸಾಲಲಿಲ್ಲೇನು ಈತಗ…’

ಮರುದಿನದಿಂದ ಶಿವಯೋಗೀಶ ಬರಲಿಲ್ಲ. ಅವಳು ಪಂಜರದೊಳಗೆ ಹೋಗಿ ತಡೆ ಹಾಕಿಕೊಂಡಳು. ಗೋದಾಬಾಯಿಯವರು ಒಂದೆರಡು ದಿನ ನೋಡಿ, ಮೂರನೆಯ ದಿನ ಕುರ್ಚಿ ಎಳೆದುಕೊಂಡು ಹತ್ತಿರ ಬಂದು ಕುಳಿತರು.

“ನಿಮಗೂ ಗೊತ್ತಿತ್ತೇನ್ರಿ ಅಕ್ಕೋರ?”

“ಗೊತ್ತಿದ್ದ ಕರಿಸೀನಿ.”

“ನನ್ನ ಕೇಳಬೇಕಿತ್ತು.”

“ಕೇಳಿದ್ರ ಹೂಂ ಅಂತಿದ್ದೇನು?” ಗೋದಾಬಾಯಿಯವರು ಉತ್ತರಕ್ಕೆ ಕಾಯಲಿಲ್ಲ. “ತಪ್ಪು ನಂದೈತಿ, ಬೈಯಿ. ಆದ್ರ ಒಂದು ತಿಳಕೊ. ಅಂವ ನನ್ನ ಸಾಲ್ಯಾಗ ಕಲತ ಹುಡುಗ. ಆ ದಿನದಿಂದ ಬಾರ್ ಮುಟ್ಟಿಲ್ಲ. ತಂದೂ ಎತ್ತಿಲ್ಲ, ಇನ್ನೊಬ್ರದೂ ಹಿಡದಿಲ್ಲ. ಕೈ ಕಿಸೆದಾಗ ಇಟಗೊಂಡು ನಿಂದ್ರತಿದ್ದ, ಚಾಷ್ಟಿ ಅಂತ ತಿಳಕೊಂಡ್ಯಾ? ನಿನಗ ಮಂದಿ ಕೈ ಕಂಡ್ರ ಅಂಜಿಕಿ. ಅಂವಗ ತನ್ನ ಕೈ ಕಂಡ್ರ ಅಂಜಿಕಿ.”

ದಾಕ್ಷಾಯಿಣಿ ಬೆಲ್ಟ್ ಬಿಚ್ಚಿ ಬೆಂಚಿನ ಮೇಲಿಟ್ಟಳು.

“ಪ್ರಾಯಶ್ಚಿತ್ತಕ್ಕ ಬರಾಂವ ಒಂದು ವಾರ ಬರತಾನ, ಕೈ ಮುಗದು ಹೋಗತಾನ. ಶ್ರಾವಣದಿಂದ ನವರಾತ್ರಿತನಾ ಮಳ್ಯಾಗ ತೊಯ್ಸಿಕೊಂಡು ಯಾರೂ ಬರಂಗಿಲ್ಲ ತಂಗಿ.”

ಆ ಮಾತು ಅವಳ ಜೊತೆಗೇ ಅಂಗಡಿಗೆ ಬಂತು. ಮಾರುಕಟ್ಟೆಯಲ್ಲಿ ಅಂದು ಹೊಸ ಗೋವಿನಜೋಳ ಬಂದಿತ್ತು. ಗದ್ದಲವೋ ಗದ್ದಲ. ಅವಳು ಗಾದಿಯ ಮೇಲೆ ಕುಳಿತು ಎತ್ತಲೋ ನೋಡುತ್ತಿದ್ದಳು.

“ಯಾಕ, ಮುಖಾ ಹಿಂಗ್ಯಾಕ?” ಎಂದ ಮಹಾಂತಯ್ಯ.

“ಏನಿಲ್ಲಪ್ಪ.”

“ನಿಮ್ಮವ್ವನೂ ಹಿಂಗ ಅಂತಿದ್ದಳು. ಕೇಳಿದಾಗೊಮ್ಮೆ ಏನಿಲ್ಲ, ಏನಿಲ್ಲ. ಎದಿ ನೋಯತೈತಿ ಅಂತ ಒಂದು ಮಾತು ಅಂದಿದ್ರ…” ಅವನು ತಕ್ಕಡಿಯ ಕಡೆ ತಿರುಗಿದ. ಹೆಗಲ ಮೇಲಿನ ವಸ್ತ್ರದಿಂದ ಮುಖ ಒರೆಸಿಕೊಂಡ. ಆ ಸಾವಿನ ಬಗ್ಗೆ ತಂದೆ ಮಗಳ ಎದುರಿಗೆ ಆಡಿದ ಮೊದಲ ಮಾತು ಅದು.

ಹೊರಗೆ ಹಮಾಲರು ಲಾರಿಗೆ ಚೀಲ ತುಂಬುತ್ತಿದ್ದರು. ಇಬ್ಬರು ಚೀಲದ ಎರಡು ತುದಿ ಹಿಡಿದು ಎತ್ತಿದ್ದರು. ಕೆಳಗೆ ಶರೀಫಸಾಬ ಬೆನ್ನು ಬಗ್ಗಿಸಿ ನಿಂತಿದ್ದ. ಒಬ್ಬ ಕೈ ಸಡಿಲಿಸಿದ.

“ಏ, ನಾ ಅನ್ನೂತನಾ ಬಿಡಬ್ಯಾಡ್ರಿ,” ಎಂದು ಶರೀಫಸಾಬ ಕೆಳಗಿನಿಂದಲೇ ಒದರಿದ. “ಬೆನ್ನು ನಂದೋ ನಿಮ್ಮಪ್ಪಂದೋ?” ಕಾಲು ಸರಿಯಾಗಿ ಊರಿಕೊಂಡು, “ಹಾಂ, ಬಿಡು,” ಎಂದ. ಇಬ್ಬರೂ ಒಮ್ಮೆಲೆ ಬಿಟ್ಟರು. ಚೀಲ ಮೆತ್ತಗೆ ಬೆನ್ನ ಮೇಲೆ ಕುಳಿತಿತು.

ಚಿಕ್ಕಂದಿನಿಂದ ದಿನವೂ ಕೇಳಿದ ಕೂಗು ಅದು. ಅಂಗಳದಲ್ಲಿ ಭಾರದ ಕೆಳಗಿರುವವನದೇ ಮಾತು. ಮೇಲೆ ಹಿಡಿದವರು ಎಷ್ಟೇ ಗಟ್ಟಿಗರಾದರೂ ಅವರು ಅಂದಾಜು ಮಾಡುವ ಹಾಗಿಲ್ಲ.

ದಾಕ್ಷಾಯಿಣಿ ಎದ್ದು ನಿಂತಳು. ಎರಡು ವರ್ಷ ಆ ದಿನವನ್ನು ಮನಸ್ಸಿನಲ್ಲಿ ತಿರುತಿರುಗಿ ನೋಡಿದ್ದಳು. ಎಡಗೈ ನೋಡಿದ್ದಳು, ಬಲಗೈ ನೋಡಿದ್ದಳು. ನಡುವೆ ನಿಂತಿದ್ದ ತನ್ನನ್ನು ನೋಡಿರಲಿಲ್ಲ. ‘ನಾನೇನು ಅಂದೆ ಆಗ? ಏನೂ ಅನ್ನಲಿಲ್ಲ. ಏಳಾಕ ಆಗೂದಿಲ್ಲ ಅಂತ ನನಗ ಗೊತ್ತಾಗಿತ್ತು… ಹಲ್ಲು ಕಚ್ಚಿ ಸುಮ್ಮನಿದ್ದೆ.’

“ಅಪ್ಪ, ನಾ ಧಾರವಾಡಕ್ಕ ಹೋಗಿ ಬರತೇನಿ.”

“ಈಗ? ಏನು ಕೆಲಸಾ?”

ಏನಿಲ್ಲ ಎನ್ನಲು ಬಾಯಿ ತೆರೆದವಳು ತಡೆದಳು. “ಒಬ್ರ ಕೂಡ ಮಾತಾಡೂದೈತಿ. ಸಿಟ್ಟು ಮಾಡಿ ಎದ್ದು ಬಂದಿದ್ದೆ. ಬಂದ ಮ್ಯಾಲ ಎಲ್ಲಾ ಹೇಳತೇನಿ.”

ಮಹಾಂತಯ್ಯ ಮಗಳನ್ನು ದಿಟ್ಟಿಸಿ ನೋಡಿದ. ಆಮೇಲೆ ಗಾಡಿಯ ಕೀಲಿ ಎತ್ತಿ ಅವಳ ಕೈಗೆ ಕೊಟ್ಟ.

ಕೋಚಿಂಗ್ ಕ್ಲಾಸು ಕಿಕ್ಕಿರಿದಿತ್ತು. ಶಿವಯೋಗೀಶ ಮಾರ್ಕರ್ ಹಿಡಿದು ಹಲಗೆಯ ಮೇಲೆ ರೈಲಿನ ವೇಗದ ಲೆಕ್ಕ ಬಿಡಿಸುತ್ತಿದ್ದ. ಬಾಗಿಲಲ್ಲಿ ಅವಳನ್ನು ಕಂಡು ರೈಲು ಅರ್ಧ ದಾರಿಯಲ್ಲಿ ನಿಂತಿತು.

“ಸರ್, ಹೊಸ ಅಡ್ಮಿಷನ್ ಬಂದಾರ,” ಎಂದಿತು ಹಿಂದಿನ ಬೆಂಚಿನಿಂದ ಒಂದು ದನಿ. ಕ್ಲಾಸೆಲ್ಲ ನಕ್ಕಿತು. ಅವನು ಕೆಂಪಾಗಿ ಹೊರಗೆ ಬಂದ.

“ಸ್ಪರ್ಧಾಕ್ಕ ಬಲಗಡೆ ನೀವು ನಿಂದ್ರಬೇಕು,” ಎಂದಳು ಅವಳು, ಪೀಠಿಕೆಯಿಲ್ಲದೆ. “ಅಕ್ಕೋರಿಗೆ ಹೇಳಿ ಸಂಘಟಕರನ್ನ ಕೇಳಸ್ತೇನಿ.”

“ನನ್ನಿಂದ ಆಗಂಗಿಲ್ರಿ.”

“ಯಾಕ?”

“ಮತ್ತ ತಡಾ ಮಾಡಿದ್ರ?”

“ಆ ದಿನ ನೀವು ತಡಾ ಮಾಡಲಿಲ್ಲ, ಅಂವ ಅವಸರಾನೂ ಮಾಡಲಿಲ್ಲ. ಒಬ್ಬಾಂವ ಬಿದ್ದಳು ಅಂದುಕೊಂಡ, ಇನ್ನೊಬ್ಬಾಂವ ಏಳತಾಳ ಅಂದುಕೊಂಡ. ಹೇಳಬೇಕಾದಾಕಿ ನಾನು. ನಾ ಬಾಯಿ ಬಿಡಲಿಲ್ಲ.” ಅವಳು ಉಸಿರು ತೆಗೆದುಕೊಂಡಳು. “ಈ ಸಲ ಹೇಳತೇನಿ. ‘ತಗೋರಿ’ ಅಂತೇನಿ. ಅಂದ ಕೂಡಲೆ ಇಬ್ರೂ ಹಿಡೀರಿ. ಅನ್ನೂತನಾ ಯಾರೂ ಬ್ಯಾಡ.”

ಅವನು ತನ್ನ ಅಂಗೈಗಳನ್ನು ನೋಡಿಕೊಂಡ. “ನನ್ನ ಮ್ಯಾಲ ಸಿಟ್ಟಿಲ್ಲೇನು?”

“ಐತಿ. ಹೇಳದ ಇಟ್ಟಿದ್ದಕ್ಕ ಐತಿ. ಅದು ಇನ್ನೊಂದೀಟು ದಿನ ಇರತೈತಿ, ಇರಲಿ.” ಅವಳ ತುಟಿಯಂಚಿನಲ್ಲಿ ನಗೆ ಬಂದು ಹೋಯಿತು. “ಆದ್ರ ಪ್ರಾಯಶ್ಚಿತ್ತ ಅಂತ ಬರೂದಾದ್ರ ಬರಬ್ಯಾಡ್ರಿ. ಅದು ನನಗ ಬೇಕಾಗಿಲ್ಲ.”

“ಮತ್ತ ಏನಂತ ಬರಲಿ?”

“ಅದನ್ನ ನೀವ ವಿಚಾರ ಮಾಡಿ ಬರ್ರಿ.”

ಅವಳು ಮೆಟ್ಟಿಲಿಳಿದಳು. ಒಳಗಿನಿಂದ ಹುಡುಗರ ಸಿಳ್ಳೆ ಕೇಳಿತು.

ಮರುದಿನ ಮುಂಜಾನೆ ಅವನು ರಾಯಾಪುರಕ್ಕೆ ಬಂದ. ಬಾರಿನ ಎಡ ತುದಿಗೆ ಮುಜಮ್ಮಿಲ ನಿಂತ. ಅವನು ಹಳೇ ಹುಬ್ಬಳ್ಳಿಯಲ್ಲಿ ಗಾಡಿ ರಿಪೇರಿ ಮಾಡುವವನು, ಅದೇ ವ್ಯಾಯಾಮಶಾಲೆಯ ಹಳೆಯ ಹುರಿಯಾಳು. ಮೊದಲು ಬರಿಯ ಬಾರ್, ಆಮೇಲೆ ಸ್ವಲ್ಪ ಸ್ವಲ್ಪ ಭಾರ. ಅವಳು ಬೇಕೆಂದೇ ನಡುವೆ ನಿಂತು, “ತಗೋರಿ,” ಎನ್ನಬೇಕು, ಇಬ್ಬರೂ ಹಿಡಿಯಬೇಕು. ಮೊದಲ ಸಲ ಆ ಮಾತು ಅವಳ ಗಂಟಲಲ್ಲೇ ಉಳಿಯಿತು. ಶಿವಯೋಗೀಶನ ಕೈಗಳು ಬಾರಿನ ಹತ್ತಿರ ಬಂದು ಮತ್ತೆ ಕಿಸೆಯ ಕಡೆ ಸರಿದವು.

“ಒಬ್ರಿಗೆ ಬಾಯಿಲ್ಲ, ಒಬ್ರಿಗೆ ಕೈಯಿಲ್ಲ,” ಎಂದ ಮುಜಮ್ಮಿಲ. “ನಾ ಒಬ್ಬನ ಪೂರಾ ಅದೇನಿ. ನನ್ನರೆ ಸ್ಪರ್ಧಾಕ್ಕ ಕಳಿಸ್ರಿ ಅಕ್ಕೋರ.”

ಮೂವರೂ ನಕ್ಕರು. ನಕ್ಕ ಮೇಲೆ ಕೈಗಳು ಮುಂದೆ ಚಾಚಿದವು. ಮಾತು ಹೊರಗೆ ಬಂತು.

ಸ್ಪರ್ಧೆಯ ಮುಂಜಾನೆ ದಾಕ್ಷಾಯಿಣಿ ಅಂಗೈಯಲ್ಲಿ ಲಿಂಗವಿಟ್ಟುಕೊಂಡು ಎಂದಿಗಿಂತ ಹೆಚ್ಚು ಹೊತ್ತು ಕುಳಿತಳು. ಪದಕ ಬೇಡಲಿಲ್ಲ. ‘ಬೇಕಾದಾಗ ಬಾಯಿ ಬರಲಿ ತಂದೆ,’ ಎಂದಷ್ಟೇ ಬೇಡಿದಳು.

ಹುಬ್ಬಳ್ಳಿಯ ಸಭಾಭವನ ತುಂಬಿತ್ತು. ಸಂಘಟಕರು ಒಪ್ಪಿದ್ದರಿಂದ ಬಾರಿನ ಬಲಕ್ಕೆ ಶಿವಯೋಗೀಶ, ಎಡಕ್ಕೆ ಮುಜಮ್ಮಿಲ ನಿಂತಿದ್ದರು. ಮುಂದಿನ ಸಾಲಿನಲ್ಲಿ ಮಹಾಂತಯ್ಯ ಇದ್ದ. ಅಂಗಡಿ ಮುಚ್ಚಿ ಬಂದಿದ್ದ. ಮೊದಲ ಪ್ರಯತ್ನ ಸಲೀಸಾಗಿ ಮುಗಿಯಿತು. ಎರಡನೆಯದಕ್ಕೆ ಅವಳು ನೂರಾ ಇಪ್ಪತ್ತನ್ನೇ ಕೇಳಿದಳು. ಅಂದು ಅವಳನ್ನು ಕೆಡವಿದ ಭಾರ.

ಕುಳಿತಳು. ಬಲಗಡೆಯ ಉಸಿರು ಕೇಳಿಸಿತು. ಗುರುತಿನ ಉಸಿರು. ಎದ್ದಳು. ನಡುವೆ ಎಲ್ಲಿಯೂ ನಿಲ್ಲದೆ ಎದ್ದಳು. ಪ್ರಯತ್ನ ಸರಿಯಾಯಿತೆಂದು ರೆಫರಿಗಳ ಮೂರು ಬಿಳಿ ದೀಪ ಹತ್ತಿದವು. ಯಾವ ಕೈಯೂ ಬಾರನ್ನು ಮುಟ್ಟಿರಲಿಲ್ಲ.

“ಸಾಕೇನು?” ಎಂದರು ಗೋದಾಬಾಯಿ. “ಮೂರನೇದ್ದು ಬಿಟ್ಟರೂ ನಡೀತೈತಿ.”

“ಏಳೂವರೆ ಕಿಲೋ ಏರಸ್ರಿ ಅಕ್ಕೋರ.”

“ಅಷ್ಟ್ಯಾಕ?”

“ಏರಸ್ರಿ.”

ಮೂರನೆಯ ಸಲ ಬಾರ್ ಹೆಗಲ ಮೇಲೆ ಬಂದಾಗಲೇ ಅದು ಬೇರೆ ಭಾರವೆಂದು ಮೈಗೆ ತಿಳಿಯಿತು. ಕುಳಿತಳು. ಎದ್ದಳು… ಅರ್ಧಕ್ಕೆ ಬಂದು ನಿಂತಳು.

ಸಭಾಭವನ ಉಸಿರು ಹಿಡಿಯಿತು. ತೊಡೆ ನಡುಗಿತು. ಎರಡೂ ಬದಿಯ ಕೈಗಳು ಬಾರಿನ ಕೆಳಗೆ ಎರಡು ಬೆರಳಿನಷ್ಟು ಅಂತರದಲ್ಲಿ ಇದ್ದವು, ಮುಟ್ಟಿರಲಿಲ್ಲ. ‘ಇನ್ನೊಂದು ಗಳಿಗಿ… ಹಲ್ಲು ಕಚ್ಚು… ಏಳತಿ…’ ಹಳೆಯ ಹಟ ಬಾಯಿಯನ್ನು ಒತ್ತಿ ಹಿಡಿಯಿತು. ಅವಳಿಗೆ ಏನಿಲ್ಲ, ಏನಿಲ್ಲ ಎನ್ನುತ್ತಿದ್ದ ತಾಯಿಯ ಮುಖ ನೆನಪಾಯಿತು.

“ತಗೋರಿ.”

ಕಡೆಯ ಸಾಲಿಗೂ ಕೇಳುವಂತೆ ಅಂದಳು. ಎರಡೂ ಬದಿಗೆ ಬಾರ್ ಒಮ್ಮೆಲೆ ಏರಿತು. ತಕ್ಕಡಿಯ ದಂಡದ ಹಾಗೆ ಸಮನಾಗಿ, ಒಂದು ಎಳೆಯಷ್ಟೂ ವಾಲದೆ. ಅವಳ ಬೆನ್ನಿನಿಂದ ಭಾರವೆಲ್ಲ ಇಳಿದುಹೋಯಿತು.

ಮೂರು ಕೆಂಪು ದೀಪ ಹತ್ತಿದವು. ದಾಕ್ಷಾಯಿಣಿ ಗಟ್ಟಿಯಾಗಿ ನಕ್ಕಳು. ಸೋತ ಹುಡುಗಿ ಏಕೆ ನಗುತ್ತಾಳೆ ಎಂದು ಜನಕ್ಕೆ ತಿಳಿಯಲಿಲ್ಲ. ಮುಂದಿನ ಸಾಲಿನಲ್ಲಿ ಮಹಾಂತಯ್ಯ ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದ.

ಮಲಗಿ ಎತ್ತುವುದು, ನೆಲದಿಂದ ಎತ್ತುವುದು ಎಂಬ ಉಳಿದ ಎರಡು ವಿಭಾಗಗಳಲ್ಲಿ ಅವಳು ಎಲ್ಲಿಯೂ ತಡವರಿಸಲಿಲ್ಲ. ಸಂಜೆಗೆ ಒಟ್ಟು ತೂಕ ಕೂಡಿಸಿದಾಗ ಎರಡನೆಯ ಸ್ಥಾನ ಬಂತು, ರಾಷ್ಟ್ರೀಯ ಸ್ಪರ್ಧೆಗೆ ಆಯ್ಕೆಯೂ ಆಯಿತು. ಗೋದಾಬಾಯಿಯವರು ಅವಳನ್ನು ಅಪ್ಪಿಕೊಂಡು, “ಇನ್ನ ಪಂಜರಾ ಮಾರಿಬಿಡತೇನಿ,” ಎಂದರು.

ಹೊರಗೆ ಮೆಟ್ಟಿಲ ಹತ್ತಿರ ಮಹಾಂತಯ್ಯ ಶಿವಯೋಗೀಶನನ್ನು ನಿಲ್ಲಿಸಿಕೊಂಡಿದ್ದ.

“ಬಲಗಡೆ ನಿಂತಿದ್ದಾಂವ ನೀನ ಏನು? ಕೈ ಛಲೋ ಅದಾವ. ಯಾವ ಊರಾತು?”

“ಕುಂದಗೋಳ ಕಡೇರಿ.”

“ಹೊಲಾ ಮನಿ?”

“ಅದಾವ್ರಿ.”

“ಹೂಂ,” ಎಂದ ಮಹಾಂತಯ್ಯ, ಕಾಳಿನ ಮಾದರಿ ನೋಡಿದವನಂತೆ. ಮಗಳು ಬರುವುದನ್ನು ಕಂಡು, “ನಾ ಗಾಡಿ ತರತೇನಿ,” ಎಂದು ಅವಸರವಿಲ್ಲದೆ ನಡೆದ.

ಇಬ್ಬರೇ ಉಳಿದರು.

“ಮೂರನೇದ್ದು ಏಳಂಗಿಲ್ಲ ಅಂತ ಗೊತ್ತಿತ್ತೇನು?” ಎಂದು ಕೇಳಿದ ಅವನು.

“ಅರ್ಧ ಗೊತ್ತಿತ್ತು.”

“ಮತ್ತ ಯಾಕ ಹಾಕ್ಸಿದ್ರಿ?”

“ನೂರಾ ಇಪ್ಪತ್ತು ಎತ್ತತೇನಿ ಅಂತ ಗೊತ್ತಾತು. ಆಗದಿದ್ದಾಗ ಕರಿಯಾಕ ಬರತೈತೋ ಇಲ್ಲೋ, ಅದೂ ಗೊತ್ತಾಗಬೇಕಿತ್ತು.”

ಅವನು ತಲೆಯೆತ್ತಿ ಅವಳನ್ನು ನೋಡಿದ.

“ವಿಚಾರ ಮಾಡಿ ಬರ್ರಿ ಅಂದಿದ್ರಿ. ಮಾಡೇನಿ.”

“ಹೇಳ್ರಿ.”

“ರಾಯಾಪುರಕ್ಕ ಮೊದಲ ದಿನ ಬಂದದ್ದು ಅಕ್ಕೋರ ಮಾತಿಗೆ. ಎರಡನೇ ದಿನ ಬಂದದ್ದು ತಪ್ಪಿನ ಭಾರಕ್ಕ. ಆಮ್ಯಾಲ ಬಂದದ್ದೆಲ್ಲಾ ನಿಮ್ಮ ಸಲುವಾಗಿ. ನೀವು ಬೈದ ದಿನಾನೂ ಮನಿಗೆ ಹೋಗಿ ಅದನ್ನ ನೆನಸಿ ನಗತಿದ್ದೆ. ನಿಮ್ಮ ಮ್ಯಾಲ ನನ್ನ ಮನಸೈತಿ. ಇದಕ್ಕ ಛಲೋ ಮಾತು ಹುಡುಕಿದೆ, ಸಿಗಲಿಲ್ಲ.”

ದಾಕ್ಷಾಯಿಣಿಯ ಎದೆ ತುಂಬಿ ಬಂತು. ಅಂಗಳದ ದೀಪದ ಬೆಳಕಿನಲ್ಲಿ ಅವನ ಕಿವಿ ಕೆಂಪಾದದ್ದೂ ಕಂಡಿತು.

“ಇದ ಛಲೋ ಐತಿ,” ಎಂದಳು ಮೆಲ್ಲಗೆ. “ಗಿರ್ಮಿಟ್ ಅಂಗಡ್ಯಾಗ ನಾ ಏನು ತಿಳಕೊಂಡಿದ್ದೆ ಅಂತ ಕೇಳಿದ್ರೆಲ್ಲ. ಇದನ್ನ ತಿಳಕೊಂಡಿದ್ದೆ.”

“ಖರೇ?”

“ಖರೇ. ನನಗೂ ನೀವ ಬೇಕು.”

ಅವಳು ತಾನಾಗಿ ಅವನ ಕೈ ಹಿಡಿದಳು. ಬಾರಿಗೆ ಹಚ್ಚಿಕೊಂಡ ಬಿಳಿ ಪುಡಿ ಅವಳ ಅಂಗೈಯಿಂದ ಅವನ ಬೆರಳಿಗೆಲ್ಲ ಹತ್ತಿತು. ರಸ್ತೆಯ ತಿರುವಿನಲ್ಲಿ ಮಹಾಂತಯ್ಯನ ಗಾಡಿಯ ಬೆಳಕು ಕಾಣಿಸಿತು.

“ನಿಮ್ಮಪ್ಪಾರು ಬರಾಕತ್ತಾರ,” ಎಂದ ಶಿವಯೋಗೀಶ, ಕೈ ಬಿಡಿಸಿಕೊಳ್ಳದೆ.

“ಬರಲಿ. ನಿಮ್ಮ ಮನಿಗೆ ಮಾತಾಡಾಕ ಯಾವ ದಿನ ಬರಬೇಕು ಅಂತ ಅವರ ಕೇಳಲಿ.”

“ಅಷ್ಟು ಲಗೂ?”

“ಅಂಜಿಕ್ಯಾಗ ಎರಡು ವರ್ಷ ಹೋಗ್ಯಾವ್ರಿ,” ಎಂದಳು ಅವಳು. “ಇನ್ನ ನನಗ ಕಾಯೂದು ಆಗಂಗಿಲ್ಲ.”